ಕಣ್ಣಿನ ಗಾಯಕ್ಕೆ ಪೆಪ್ಟೈಡ್ ಹನಿ: ಇಲಿ, ಮೊಲಗಳ ಕಣ್ಣು ನಮಗೆ ಹೇಳುವುದೆಷ್ಟು?

ಮೊಲದ ಕಣ್ಣಿನ ಮೇಲ್ಪದರವನ್ನು ಸ್ವಲ್ಪ ಕೆರೆದು ಹಾಗೇ ಬಿಟ್ಟರೆ ಏನಾಗುತ್ತದೆ? ಯಾವ ಔಷಧಿಯೂ ಇಲ್ಲದೆ ಕೆಲವೇ ದಿನಗಳಲ್ಲಿ ಅದು ತಾನಾಗಿಯೇ ಮಾಯುತ್ತದೆ. ಇಲಿಯ ಕಣ್ಣಲ್ಲೂ ಅಷ್ಟೇ. ನಮ್ಮ ಕಣ್ಣಲ್ಲೂ ಅಷ್ಟೇ. ಉಗುರು ತಾಗಿಯೋ ಕಸ ಬಿದ್ದೋ ಆದ ಸಣ್ಣ ತರಚು ಗಾಯ ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಮುಚ್ಚಿಕೊಳ್ಳುತ್ತದೆ.

"ಪೆಪ್ಟೈಡ್ ಹನಿ ಹಾಕಿದ ಇಲಿಗಳ ಕಣ್ಣು ಬೇಗ ವಾಸಿಯಾಯಿತು" ಅನ್ನುವ ಸುದ್ದಿ ಓದುವಾಗ ಇದು ನೆನಪಿರಬೇಕು. (ಪೆಪ್ಟೈಡ್ ಅಂದರೆ ಪ್ರೋಟೀನಿನ ಚಿಕ್ಕ ತುಣುಕಿನಂಥ ವಸ್ತು.) ತಾನಾಗಿ ಮಾಯುವ ಗಾಯವನ್ನು ಕೆಲವು ಗಂಟೆ ಮೊದಲೇ ಮಾಯಿಸುವುದು ಒಂದು ವಿಷಯ. ವಾರಗಟ್ಟಲೆ ಕಾದರೂ ಮಾಯದ ಗಾಯವನ್ನು ಮಾಯಿಸುವುದು ಬೇರೆಯೇ ವಿಷಯ. ಈ ಸಂಶೋಧನೆಯ ನಿಜವಾದ ಬೆಲೆ ಇರುವುದು ಎರಡನೆಯದರಲ್ಲಿ. ಆದರೆ ಪ್ರಾಣಿ ಪ್ರಯೋಗಗಳಲ್ಲಿ ಎಷ್ಟೋ ನಡೆದಿರುವುದು ಮೊದಲನೆಯ ಥರದ ಗಾಯದ ಮೇಲೆ. ಹಾಗಾಗಿ ಫಲಿತಾಂಶಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅದು ಎಂಥ ಗಾಯ?

ಗಾಯ ಮಾಯುವ ಬಗೆ

ಕಣ್ಣಿನ ಬಣ್ಣದ ಭಾಗದ ಮುಂದೆ ಇರುವ ಪಾರದರ್ಶಕ ಹೊದಿಕೆಯೇ ಕಾರ್ನಿಯಾ. ಮನುಷ್ಯರಲ್ಲಿ ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ತೀರಾ ಮೇಲಿನ ಪದರ ಎಪಿಥೀಲಿಯಂ. ಐದರಿಂದ ಏಳು ಸಾಲು ಜೀವಕೋಶಗಳು, ಒಟ್ಟು ದಪ್ಪ ಸುಮಾರು 50 ಮೈಕ್ರಾನ್. ಅಂದರೆ ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕು ಸರಾಗವಾಗಿ ಒಳಗೆ ಹೋಗುತ್ತಿರಲಿಲ್ಲ. ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ ಬರುತ್ತದೆ. ನರದ ತುದಿಗಳು ಮಾತ್ರ ದೇಹದ ಬೇರೆಲ್ಲೂ ಇಲ್ಲದಷ್ಟು ಒತ್ತಾಗಿವೆ. ಒಂದು ಧೂಳಿನ ಕಣ ಬಿದ್ದರೂ ಜೀವ ಹೋಗುವಷ್ಟು ಉರಿಯುವುದು ಅದಕ್ಕೇ.

ಗಾಯವಾದ ಮೇಲೆ ಮೊದಲ ಕೆಲವು ಗಂಟೆ ಹೊರಗಿನಿಂದ ಏನೂ ನಡೆಯುವಂತೆ ಕಾಣುವುದಿಲ್ಲ. ಒಳಗೆ ತಯಾರಿ ನಡೆದಿರುತ್ತದೆ. ಗಾಯದ ಅಂಚಿನ ಕೋಶಗಳು ಕೆಳಗಿನ ಪದರದ ಮೇಲಿನ ಹಿಡಿತ ಸಡಿಲಿಸುತ್ತವೆ, ಚಪ್ಪಟೆಯಾಗುತ್ತವೆ. ಆಮೇಲೆ ಒಂದರ ಕೈ ಒಂದು ಬಿಡದೆ ಎಲ್ಲವೂ ಒಟ್ಟಿಗೆ ಗಾಯದ ನಡುವಿಗೆ ಜಾರತೊಡಗುತ್ತವೆ. ಪ್ರಾಣಿಗಳಲ್ಲಿ ಅಳೆದಾಗ ಈ ವೇಗ ಗಂಟೆಗೆ ಹೆಚ್ಚುಕಡಿಮೆ 60 ಮೈಕ್ರಾನ್. ಬರಿದಾದ ಜಾಗ ಮುಚ್ಚಿದ ಮೇಲೆ ಕೋಶಗಳು ಒಡೆದು ಸಂಖ್ಯೆ ಹೆಚ್ಚಿಸಿಕೊಂಡು ಪದರವನ್ನು ಮೊದಲಿನ ದಪ್ಪಕ್ಕೆ ತರುತ್ತವೆ. ಹೊಸ ಕೋಶಗಳ ಮೂಲ ಇರುವುದು ಕಾರ್ನಿಯಾ ಮತ್ತು ಬಿಳಿಗುಡ್ಡೆ ಕೂಡುವ ಅಂಚಿನಲ್ಲಿ. ಲಿಂಬಸ್ ಎಂಬ ಆ ಅಂಚಿನ ಸ್ಟೆಮ್ ಸೆಲ್‌ಗಳು ಬದುಕಿಡೀ ಹೊಸ ಕೋಶಗಳನ್ನು ಕಳಿಸುತ್ತಲೇ ಇರುತ್ತವೆ. 1983ರಲ್ಲಿ ಥಾಫ್ಟ್ ಮತ್ತು ಫ್ರೆಂಡ್ ಎಂಬ ಇಬ್ಬರು ಇದನ್ನು ಸರಳ ಲೆಕ್ಕದಲ್ಲಿ ಹೇಳಿದರು: ಬುಡದಿಂದ ಮೇಲೆ ಬರುವ ಕೋಶಗಳು ಮತ್ತು ಅಂಚಿನಿಂದ ಒಳಗೆ ಬರುವ ಕೋಶಗಳು ಸೇರಿದರೆ, ಉದುರಿಹೋಗುವ ಕೋಶಗಳಿಗೆ ಸಮವಾಗಬೇಕು. ಸಮವಾಗದಿದ್ದರೆ ಮೇಲ್ಪದರ ಉಳಿಯುವುದಿಲ್ಲ.

ಕೊನೆಯ ಹಂತವನ್ನು ಜನ ಮರೆಯುವುದು ಜಾಸ್ತಿ. ಹೊಸ ಪದರ ಕೆಳಗಿನ ಪದರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದು ಬೇರು ಬಿಡದ ಸಸಿಯ ಹಾಗೆ, ಎಳೆದರೆ ಕಿತ್ತು ಬರುತ್ತದೆ. ವಾಸಿಯಾಯಿತು ಅಂದುಕೊಂಡ ಕಣ್ಣು ಬೆಳಿಗ್ಗೆ ರೆಪ್ಪೆ ತೆರೆದ ಕೂಡಲೇ ಮತ್ತೆ ಸುಲಿದು ನೋಯುವುದು ಇದೇ ಕಾರಣಕ್ಕೆ. ಮೂರು ದಿನಕ್ಕೇ ಮುಗಿಸಿಬಿಡುವ ಪ್ರಾಣಿ ಪ್ರಯೋಗ ಈ ಹಂತವನ್ನು ನೋಡುವುದೇ ಇಲ್ಲ.

ಮಾಯದ ಗಾಯಗಳು ಹೆಚ್ಚಾಗಿ ಮೂರು ಬಗೆ. ಮೊದಲನೆಯದು ಸುಟ್ಟ ಗಾಯ, ಅದರಲ್ಲೂ ಸುಣ್ಣ, ಸಿಮೆಂಟು, ಕಾಸ್ಟಿಕ್ ಸೋಡಾದಂಥ ಕ್ಷಾರಗಳಿಂದ ಆದದ್ದು. ಆಮ್ಲ ಬಿದ್ದಾಗ ಮೇಲಿನ ಪ್ರೋಟೀನು ಹೆಪ್ಪುಗಟ್ಟಿ ಒಂದು ಮಟ್ಟಿಗೆ ತಡೆಯಾಗುತ್ತದೆ. ಕ್ಷಾರ ಹಾಗಲ್ಲ. ಕೋಶಗಳ ಕೊಬ್ಬನ್ನು ಕರಗಿಸುತ್ತಾ ಒಳಕ್ಕಿಳಿಯುತ್ತದೆ. (ಇಂಥದ್ದೇನಾದರೂ ಕಣ್ಣಿಗೆ ಬಿದ್ದರೆ ಬೇರೇನನ್ನೂ ಹುಡುಕಬೇಡಿ. ಆ ಕ್ಷಣವೇ ನೀರು. ಕನಿಷ್ಠ ಕಾಲು ಗಂಟೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯುತ್ತಲೇ ಇರಬೇಕು, ಆಮೇಲೆ ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.) ಎರಡನೆಯದು ಲಿಂಬಸ್ಸೇ ಹಾಳಾಗಿ ಹೊಸ ಕೋಶಗಳು ಬರದಿರುವುದು. ಮೂರನೆಯದು ನರ ಸತ್ತಿರುವುದು. ಹರ್ಪಿಸ್ ಸೋಂಕು, ಸಕ್ಕರೆ ಕಾಯಿಲೆ, ಮುಖದ ಸ್ಪರ್ಶ, ನೋವು ತಿಳಿಸುವ ನರಕ್ಕೆ ತಾಗಿದ ಶಸ್ತ್ರಚಿಕಿತ್ಸೆ, ಇವೆಲ್ಲ ಕಾರ್ನಿಯಾದ ನರಗಳನ್ನು ಹಾಳುಮಾಡಬಲ್ಲವು. ಆಗ ನೋವು ಗೊತ್ತಾಗುವುದಿಲ್ಲ. ಗಾಯ ಮಾತ್ರ ತೆರೆದೇ ಇರುತ್ತದೆ. ಯಾಕೆಂದರೆ ಆ ನರಗಳು ನೋವು ತಿಳಿಸುವುದರ ಜೊತೆಗೆ ಮೇಲ್ಪದರವನ್ನು ಪೋಷಿಸುವ ಪೆಪ್ಟೈಡ್‌ಗಳನ್ನೂ ಬಿಡುಗಡೆ ಮಾಡುತ್ತಿರುತ್ತವೆ. ನಮ್ಮ ವಿಷಯ ಬೇರು ಬಿಟ್ಟಿರುವುದು ಇಲ್ಲೇ.

ಪೆಪ್ಟೈಡ್ ಯಾಕೆ?

ಅಮೈನೋ ಆಮ್ಲಗಳ ಗಿಡ್ಡ ಸರಪಳಿಯೇ ಪೆಪ್ಟೈಡ್. ಉದ್ದ ಸರಪಳಿ ಪ್ರೋಟೀನ್. ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಒಮ್ಮತ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 40 ಅಮೈನೋ ಆಮ್ಲಗಳವರೆಗೆ ಪೆಪ್ಟೈಡ್ ಎನ್ನುತ್ತದೆ. ದೊಡ್ಡ ಪ್ರೋಟೀನಿನಲ್ಲಿ ಕೆಲಸ ಮಾಡುವ ತುಣುಕು ಅನೇಕ ಸಲ ತುಂಬಾ ಚಿಕ್ಕದು. ಆ ತುಣುಕನ್ನಷ್ಟೇ ಲ್ಯಾಬಿನಲ್ಲಿ ತಯಾರಿಸಿದರೆ ಬೇಕಾದ ಗುಣ ಸಿಗುತ್ತದೆ, ಬೇಡದ ಪರಿಣಾಮ ಕಡಿಮೆಯಾಗುತ್ತದೆ ಅನ್ನುವುದು ಆಸೆ.

ತೊಂದರೆಯೂ ಇದೆ. ಕಣ್ಣೀರಿನಲ್ಲಿ ಪೆಪ್ಟೈಡ್‌ಗಳನ್ನು ಕತ್ತರಿಸುವ ಎಂಜೈಮ್‌ಗಳಿವೆ. ಒಂದು ಹನಿ ಔಷಧಿ ಅಂದರೆ 30ರಿಂದ 50 ಮೈಕ್ರೋಲೀಟರ್. ಕಣ್ಣಲ್ಲಿ ಸಾಮಾನ್ಯವಾಗಿ ಇರುವ ಕಣ್ಣೀರೇ 7ರಿಂದ 10 ಮೈಕ್ರೋಲೀಟರ್. ಹಾಕಿದ್ದರಲ್ಲಿ ಹೆಚ್ಚಿನ ಪಾಲು ಕೆನ್ನೆಗೋ ಮೂಗಿಗೋ ಹರಿದುಹೋಗುತ್ತದೆ. ಉಳಿದದ್ದೂ ಕೆಲವೇ ನಿಮಿಷದಲ್ಲಿ ತೊಳೆದುಹೋಗುತ್ತದೆ. ಆದ್ದರಿಂದಲೇ ಇಂಥ ಔಷಧಿಗಳನ್ನು ದಿನಕ್ಕೆ ಹಲವು ಸಲ ಹಾಕಬೇಕಾಗುತ್ತದೆ.

ಕಣ್ಣು ಬೇಗ ಬಿಟ್ಟ ಇಲಿಮರಿಗಳು

ಈ ಕಥೆಯ ಆರಂಭ ನನಗೆ ತುಂಬಾ ಇಷ್ಟ. 1960ರ ಆಸುಪಾಸು ಸ್ಟ್ಯಾನ್ಲಿ ಕೊಹೆನ್ ಎಂಬ ವಿಜ್ಞಾನಿ ನರಗಳ ಬೆಳವಣಿಗೆಯ ಬಗ್ಗೆ ಕೆಲಸ ಮಾಡುತ್ತಿದ್ದರು. ಇಲಿಯ ಜೊಲ್ಲುಗ್ರಂಥಿಯಿಂದ ತೆಗೆದ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. ಸಾಮಾನ್ಯವಾಗಿ ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಒಂದು ವಾರಕ್ಕೇ ಬಿಟ್ಟವು. ಹಲ್ಲೂ ಬೇಗ ಬಂದವು. ನರಕ್ಕೂ ಇದಕ್ಕೂ ಏನು ಸಂಬಂಧ ಅಂತ ಪಕ್ಕಕ್ಕಿಡಬಹುದಿತ್ತು, ಅಲ್ವಾ? ಕೊಹೆನ್ ಬಿಡಲಿಲ್ಲ. ಬೆನ್ನು ಹತ್ತಿ ಹುಡುಕಿದಾಗ ಸಿಕ್ಕಿದ್ದು 53 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನ್. ಚರ್ಮದ, ಕಾರ್ನಿಯಾದ ಮೇಲ್ಪದರದ ಕೋಶಗಳನ್ನು ಬೆಳೆಸುವ ಇದಕ್ಕೆ ಇಜಿಎಫ್ ಅಂತ ಹೆಸರಾಯಿತು. ನರ ಬೆಳೆಸುವ ಎನ್‌ಜಿಎಫ್ ಕಂಡುಹಿಡಿದ ರೀಟಾ ಲೆವಿ ಮೊಂತಾಲ್ಚಿನಿ ಮತ್ತು ಕೊಹೆನ್ 1986ರ ನೊಬೆಲ್ ಹಂಚಿಕೊಂಡರು.

ಪ್ರಾಣಿಗಳ ಕಾರ್ನಿಯಾದಲ್ಲಿ ಇಜಿಎಫ್ ಕೋಶಗಳನ್ನು ಚೆನ್ನಾಗಿಯೇ ಬೆಳೆಸಿತು. ಮನುಷ್ಯರ ಕಣ್ಣಲ್ಲಿ ಫಲ ಒಂದೇ ಥರ ಬರಲಿಲ್ಲ. ಗೆದ್ದದ್ದು ಎನ್‌ಜಿಎಫ್. ಗೆದ್ದದ್ದೂ ನರ ಸತ್ತ, ಮಾಯದ ಗಾಯಗಳಲ್ಲಿ. 1998ರಲ್ಲಿ ಇಟಲಿಯ ವೈದ್ಯರು ಇಲಿಯಿಂದ ತೆಗೆದ ಎನ್‌ಜಿಎಫ್ ಅನ್ನು ಇಂಥ 12 ರೋಗಿಗಳ 14 ಕಣ್ಣುಗಳಿಗೆ ಹಾಕಿದರು. ಎಲ್ಲವೂ ಮಾಯಿದವು. ಇಪ್ಪತ್ತು ವರ್ಷದ ನಂತರ, 2018ರಲ್ಲಿ, ಲ್ಯಾಬಿನಲ್ಲಿ ತಯಾರಿಸಿದ ಮನುಷ್ಯರ ಎನ್‌ಜಿಎಫ್ ಅನ್ನು ಸೆನೆಜರ್ಮಿನ್ ಎಂಬ ಹೆಸರಿನ ಹನಿಯಾಗಿ ಎಫ್‌ಡಿಎ ಒಪ್ಪಿತು. ದಿನಕ್ಕೆ ಆರು ಸಲ, ಎಂಟು ವಾರ ಹಾಕಬೇಕು. 118 ಅಮೈನೋ ಆಮ್ಲ ಇರುವುದರಿಂದ ಇದನ್ನು ಪೆಪ್ಟೈಡ್ ಅನ್ನಲಾಗದು. ಆದರೆ ಪೆಪ್ಟೈಡ್ ಸಂಶೋಧಕರೆಲ್ಲ ಕಣ್ಣಿಟ್ಟಿರುವ ದಾರಿ ಇದೇ.

ನಾಲ್ಕು ನಾಲ್ಕು ಅಮೈನೋ ಆಮ್ಲಗಳು

ಪೆಪ್ಟೈಡ್‌ಗಳ ಪೈಕಿ ಅತಿ ಚೆಂದದ ಕೆಲಸ ಅಂತ ನನಗನ್ನಿಸುವುದು ಜಪಾನಿನ ಯಾಮಾಗುಚಿ ವಿಶ್ವವಿದ್ಯಾಲಯದಲ್ಲಿ ತೆರುವೊ ನಿಶಿದಾ ಅವರ ತಂಡ ಮಾಡಿದ್ದು. ಕಾರ್ನಿಯಾದ ನರಗಳು ಬಿಡುಗಡೆ ಮಾಡುವ ಪೆಪ್ಟೈಡ್‌ಗಳಲ್ಲಿ ಸಬ್‌ಸ್ಟೆನ್ಸ್ ಪಿ ಒಂದು. 11 ಅಮೈನೋ ಆಮ್ಲಗಳಿರುವ ಇದನ್ನು ಅವರು ಲ್ಯಾಬಿನಲ್ಲಿ ಜೀವಂತವಾಗಿಟ್ಟ ಮೊಲದ ಕಾರ್ನಿಯಾಗಳಿಗೆ ಹಾಕಿ ನೋಡಿದರು. ಕೋಶಗಳು ಬೇಗ ಜಾರಲಿಲ್ಲ. ಐಜಿಎಫ್-1 ಎಂಬ ಬೆಳವಣಿಗೆಯ ಪ್ರೋಟೀನನ್ನು ಬೇರೆಯಾಗಿ ಹಾಕಿದಾಗಲೂ ಅಷ್ಟೇ. ಎರಡನ್ನೂ ಸೇರಿಸಿದಾಗ ಕೋಶಗಳು ಚುರುಕಾಗಿ ಜಾರಿದವು.

ಆದರೆ ಎರಡನ್ನೂ ಇಡಿಯಾಗಿ ಕಣ್ಣಿಗೆ ಹಾಕುವುದು ಅಪಾಯ. ಸಬ್‌ಸ್ಟೆನ್ಸ್ ಪಿ ನೋವಿಗೆ, ಉರಿಯೂತಕ್ಕೆ ಸಂಬಂಧಪಟ್ಟದ್ದು, ಪಾಪೆಯನ್ನೂ ಕುಗ್ಗಿಸುತ್ತದೆ. ಐಜಿಎಫ್-1 ಹೊಸ ರಕ್ತನಾಳಗಳನ್ನು ಬೆಳೆಸಬಲ್ಲದು. ಕಾರ್ನಿಯಾದಲ್ಲಿ ರಕ್ತನಾಳ ಬೆಳೆದರೆ ದೃಷ್ಟಿಯೇ ಮಂಕು. ಹಾಗಾಗಿ ತಂಡ ಎರಡನ್ನೂ ಕತ್ತರಿಸುತ್ತಾ ಹೋಯಿತು. ಸಬ್‌ಸ್ಟೆನ್ಸ್ ಪಿ ಬಾಲದ ನಾಲ್ಕು ಅಮೈನೋ ಆಮ್ಲ ಸಾಕಾಯಿತು. 70 ಅಮೈನೋ ಆಮ್ಲಗಳ ಐಜಿಎಫ್-1ರಲ್ಲೂ ನಡುವಿನ ನಾಲ್ಕೇ ಸಾಕಾಯಿತು. ನಾಲ್ಕು ಮತ್ತು ನಾಲ್ಕು ಸೇರಿ ಆ ಕೆಲಸ ಮಾಡಿದವು.

ಅವರು ಆರಿಸಿಕೊಂಡ ಗಾಯವನ್ನೂ ಗಮನಿಸಿ. ಆರೋಗ್ಯವಂತ ಕಣ್ಣನ್ನು ಕೆರೆದು ನಿಲ್ಲಿಸಲಿಲ್ಲ. ಕಾರ್ನಿಯಾಕ್ಕೆ ಬರುವ ನರವನ್ನು ಹಾಳುಮಾಡಿದ ಇಲಿಗಳಲ್ಲೂ ಸಬ್‌ಸ್ಟೆನ್ಸ್ ಪಿ ಮತ್ತು ಐಜಿಎಫ್-1 ಜೋಡಿಯನ್ನು ಪರೀಕ್ಷಿಸಿದರು. ಅಲ್ಲಿ ಫಲ ಕಂಡಿತು. ಕೊನೆಗೆ ನರ ಸತ್ತ ಕಣ್ಣಿನ ರೋಗಿಗಳಿಗೂ ಈ ತುಣುಕುಗಳ ಹನಿ ಹಾಕಿ, ಮಾಯದ ಗಾಯಗಳು ಮಾಯಿದ್ದನ್ನು ವರದಿ ಮಾಡಿದರು. ರೋಗಿಗಳ ಸಂಖ್ಯೆ ಚಿಕ್ಕದು. ಆದರೂ ಲ್ಯಾಬಿನ ತಟ್ಟೆಯಿಂದ ಪ್ರಾಣಿಗೆ, ಪ್ರಾಣಿಯಿಂದ ಸರಿಯಾದ ರೋಗಿಗೆ, ಒಂದೇ ಪ್ರಶ್ನೆ ಹಿಡಿದು ನಡೆದ ಕೆಲಸ ಇದು.

ಥೈಮೋಸಿನ್ ಬೀಟಾ 4ರ ಕಥೆ ಬೇರೆ ಪಾಠ ಕಲಿಸುತ್ತದೆ. 43 ಅಮೈನೋ ಆಮ್ಲಗಳ ಇದು ನಮ್ಮ ಹೆಚ್ಚಿನ ಕೋಶಗಳಲ್ಲಿ ಇದ್ದೇ ಇದೆ. ಕೋಶ ಚಲಿಸಲು ಬೇಕಾದ ಆಕ್ಟಿನ್ ಎಂಬ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಅಮೆರಿಕದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಗೇಬ್ರಿಯಲ್ ಸೋಸ್ನಿ ಮತ್ತು ಜೊತೆಗಾರರು 2001ರಲ್ಲಿ ಇದರ ಹನಿಯಿಂದ ಇಲಿಗಳ ಕಾರ್ನಿಯಾ ಗಾಯ ಬೇಗ ಮುಚ್ಚುವುದನ್ನು ತೋರಿಸಿದರು. 2002ರಲ್ಲಿ ಕ್ಷಾರದಿಂದ ಸುಟ್ಟ ಇಲಿಗಳ ಕಣ್ಣಲ್ಲಿ ಉರಿಯೂತದ ಬಿಳಿ ರಕ್ತಕಣಗಳ ದಾಳಿಯೂ ಕಡಿಮೆಯಾಯಿತು ಎಂದರು. ಎರಡನೆಯದೇ ಮುಖ್ಯ. ಸುಟ್ಟ ಕಣ್ಣನ್ನು ಕೊನೆಗೆ ಕುರುಡು ಮಾಡುವುದು ಅನೇಕ ಸಲ ಆ ಉರಿಯೂತ ಮತ್ತು ಅದು ಬಿಟ್ಟುಹೋಗುವ ಕಲೆ.

ಮನುಷ್ಯರಿಗೆ ಬಂದಾಗ? ಒಣ ಕಣ್ಣಿನ ತೊಂದರೆ ಇರುವ ನೂರಾರು ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಮೊದಲೇ ಹಾಕಿಕೊಂಡ ಮುಖ್ಯ ಗುರಿ ಮುಟ್ಟಲಿಲ್ಲ. ನರ ಸತ್ತ ಕಣ್ಣಿನ ಪರೀಕ್ಷೆಯಲ್ಲಿ ಇದ್ದದ್ದು ಬರೀ 18 ಜನ. ನಾಲ್ಕು ವಾರದ ಕೊನೆಗೆ ಔಷಧಿ ಪಡೆದ 10 ಜನರಲ್ಲಿ 6 ಜನರ ಗಾಯ ಪೂರ್ತಿ ಮಾಯಿತು. ಔಷಧಿ ಇಲ್ಲದ ಹನಿ ಪಡೆದ 8 ಜನರಲ್ಲಿ ಒಬ್ಬರದು ಮಾತ್ರ. ನೋಡಲು ದೊಡ್ಡ ವ್ಯತ್ಯಾಸ. ಆದರೆ ಇಷ್ಟು ಕಡಿಮೆ ಜನರಲ್ಲಿ ಇದು ಆಕಸ್ಮಿಕ ಅಲ್ಲವೆಂದು ಹೇಳಲು ಬೇಕಾದ ಲೆಕ್ಕದ ಗೆರೆಯನ್ನು ಸ್ವಲ್ಪದರಲ್ಲಿ ದಾಟಲಾಗಲಿಲ್ಲ. ಒಂದೇ ಪೆಪ್ಟೈಡ್, ಎರಡು ಬಗೆಯ ಕಣ್ಣು, ಎರಡು ಬಗೆಯ ಉತ್ತರ.

ಎಲ್ಲ ಪೆಪ್ಟೈಡ್ ಗಾಯ ಮಾಯಿಸುತ್ತದೆ ಅಂತಲೂ ಇಲ್ಲ. ಐದೇ ಅಮೈನೋ ಆಮ್ಲಗಳ ಮೆಟ್-ಎನ್‌ಕೆಫಲಿನ್ ಕಾರ್ನಿಯಾದ ಕೋಶಗಳು ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುವುದನ್ನೇ ತಡೆಯುತ್ತದೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ಇದರ ಕೆಲಸವನ್ನು ನಾಲ್ಟ್ರೆಕ್ಸೋನ್ ಎಂಬ ಔಷಧಿಯ ಹನಿಯಿಂದ ತಡೆದರು. ಆಗ ಗಾಯ ಬೇಗ ಮಾಯಿತು. ತೈವಾನಿನ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ಪಿಇಡಿಎಫ್ ಎಂಬ ಪ್ರೋಟೀನಿನ 44 ಅಮೈನೋ ಆಮ್ಲಗಳ ತುಣುಕು ಮೊಲಗಳಲ್ಲಿ ಲಿಂಬಸ್‌ನ ಸ್ಟೆಮ್ ಸೆಲ್‌ಗಳನ್ನೇ ಹೆಚ್ಚಿಸುತ್ತದೆ ಎಂದು ತೋರಿಸಿದರು. ಲಿಂಬಸ್ ಹಾಳಾದ ಕಣ್ಣುಗಳ ಮಟ್ಟಿಗೆ ಇದು ಆಸೆ ಹುಟ್ಟಿಸುವ ದಾರಿ.

ಇಲಿಯ ಕಣ್ಣು ನಮ್ಮ ಕಣ್ಣಲ್ಲ

ಪ್ರಯೋಗ ನಡೆಯುವುದು ಹೀಗೆ. ಪ್ರಾಣಿಗೆ ಅರಿವಳಿಕೆ ಕೊಟ್ಟು ಒಂದು ಕಣ್ಣಿನ ಮೇಲ್ಪದರವನ್ನು ಗುಂಡಗೆ ಗುರುತು ಮಾಡಿ ಕೆರೆಯುತ್ತಾರೆ. ಇಲ್ಲವೇ ಕ್ಷಾರದಲ್ಲಿ ಅದ್ದಿದ ಚಿಕ್ಕ ಕಾಗದದ ಬಿಲ್ಲೆಯನ್ನು ಕೆಲವು ಸೆಕೆಂಡು ಇಟ್ಟು ತೊಳೆಯುತ್ತಾರೆ. ಫ್ಲೋರೆಸೀನ್ ಎಂಬ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದರೆ ಮೇಲ್ಪದರ ಇಲ್ಲದ ಜಾಗ ಹಸಿರಾಗಿ ಹೊಳೆಯುತ್ತದೆ. ಫೋಟೋ ತೆಗೆದು ಆ ಜಾಗವನ್ನು ಅಳೆಯುತ್ತಾರೆ.

ಇಲ್ಲೊಂದು ಲೆಕ್ಕ ಮಾಡಿ ನೋಡಿ. 3 ಮಿಲಿಮೀಟರ್ ಅಗಲದ ಗಾಯದ ಅಂಚಿನಿಂದ ನಡುವಿಗೆ 1500 ಮೈಕ್ರಾನ್. ಗಂಟೆಗೆ 60ರಂತೆ ಜಾರಿದರೆ 25 ಗಂಟೆ. ಗಾಯ 4 ಮಿಲಿಮೀಟರ್ ಆಗಿದ್ದರೆ 33 ಗಂಟೆ. 24ನೇ ಗಂಟೆಗೆ ಫೋಟೋ ತೆಗೆದರೆ ಮೊದಲನೆಯದು ಹೆಚ್ಚುಕಡಿಮೆ ಮುಚ್ಚಿರುತ್ತದೆ, ಎರಡನೆಯದು ಕಣ್ಣಿಗೆ ಕಾಣುವಷ್ಟು ತೆರೆದಿರುತ್ತದೆ. ಔಷಧಿಯ ಗುಣವೇ ಇಲ್ಲದೆ ಇಷ್ಟು ಅಂತರ. ಕೆರೆಯುವ ಕೈ ಸ್ವಲ್ಪ ಆಚೀಚೆ ಆದರೂ ಫಲಿತಾಂಶ ತಿರುಗಬಹುದು. ಯಾವ ಪ್ರಾಣಿಗೆ ಯಾವ ಹನಿ ಹೋಗಿದೆ ಅಂತ ಅಳೆಯುವವರಿಗೆ ಗೊತ್ತಿರಬಾರದು ಅನ್ನುವುದು ಇದಕ್ಕೇ. ಹೋಲಿಕೆಗೆ ಔಷಧಿ ಬೆರೆಸದ ಅದೇ ಹನಿಯನ್ನು ಹಾಕಿದ ಗುಂಪೂ ಇರಬೇಕು.

ಪ್ರಾಣಿಗಳ ಕಣ್ಣಿನ ರಚನೆಯೂ ಬೇರೆ. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿದರೆ ಮೊಲ ಗಂಟೆಗೆ ಕೆಲವೇ ಸಲ. ಅದರ ಕಣ್ಣಲ್ಲಿ ಹನಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹೆಗ್ಗಣಕ್ಕಿಂತ ಚಿಕ್ಕದಾದ ಲ್ಯಾಬಿನ ಸುಂಡಿಲಿಯ ಕಾರ್ನಿಯಾ ನಮ್ಮದರ ಮೂರರಲ್ಲಿ ಒಂದು ಪಾಲಿನಷ್ಟೂ ದಪ್ಪ ಇಲ್ಲ. ಕಾರ್ನಿಯಾದ ಒಳಗಿನ ತುದಿಯ ಪದರ ಹಾಳಾದರೆ ಮೊಲದಲ್ಲಿ ಮತ್ತೆ ಬೆಳೆಯುತ್ತದೆ, ಮನುಷ್ಯರಲ್ಲಿ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ. ಆಳವಾದ ಸುಟ್ಟ ಗಾಯದ ಪ್ರಯೋಗದಲ್ಲಿ ಈ ಒಂದು ವ್ಯತ್ಯಾಸವೇ ಮೊಲವನ್ನು ನಮಗಿಂತ ಅದೃಷ್ಟವಂತ ಮಾಡುತ್ತದೆ. ಪ್ರಯೋಗದ ಪ್ರಾಣಿಗಳು ಎಳೆಯವು, ಬೇರೆ ಕಾಯಿಲೆ ಇಲ್ಲದವು. ಮಾಯದ ಗಾಯ ಇಟ್ಟುಕೊಂಡು ಬರುವ ರೋಗಿ ಹೆಚ್ಚಾಗಿ ವಯಸ್ಸಾದವರು.

ಈ ಪ್ರಾಣಿಗಳ ನೋವಿನ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕಾರ್ನಿಯಾ ಎಷ್ಟು ಸೂಕ್ಷ್ಮ ಅಂತ ಮೇಲೆ ಹೇಳಿದೆ. ಮರಗಟ್ಟಿಸುವ ಹನಿಯನ್ನು ಮತ್ತೆ ಮತ್ತೆ ಹಾಕಿದರೆ ಅದೇ ಗಾಯ ಮಾಯುವುದನ್ನು ನಿಧಾನಿಸುತ್ತದೆ. ಹಾಗಾಗಿ ನೋವಿಗೆ ಬೇರೆ ದಾರಿಯಲ್ಲಿ ಔಷಧಿ ಕೊಡಬೇಕು, ಎರಡೂ ಕಣ್ಣಿಗೆ ಗಾಯ ಮಾಡಬಾರದು. 1944ರಿಂದ ಬಳಕೆಗೆ ಬಂದ ಡ್ರೇಜ್ ಪರೀಕ್ಷೆ ಮೊಲಗಳ ಕಣ್ಣಿಗೆ ರಾಸಾಯನಿಕ ಹಾಕಿ ನೋಡುವುದಾಗಿತ್ತು. ಅದಕ್ಕೆ ಬಂದ ವಿರೋಧ ನ್ಯಾಯವಾದದ್ದೇ. ಪ್ರಾಣಿಗಳ ಬದಲು ಬೇರೆ ವಿಧಾನ ಬಳಸಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ ಎಂದು ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದ್ದರು. ಕೋಶಗಳು ಜಾರುವ ವೇಗವನ್ನಷ್ಟೇ ನೋಡಬೇಕಾದರೆ ಕಸಾಯಿಖಾನೆಯಿಂದ ತಂದ ಹಂದಿಯ ಕಣ್ಣಿನ ಕಾರ್ನಿಯಾವೇ ಸಾಕು. ಜೀವಂತ ಪ್ರಾಣಿ ಬೇಕಾಗುವುದು ನರ, ಕಣ್ಣೀರು, ಉರಿಯೂತ ಎಲ್ಲ ಒಟ್ಟಿಗೆ ಇರುವ ಪ್ರಶ್ನೆಗೆ. ಆರೋಗ್ಯವಂತ ಕಣ್ಣನ್ನು ಕೆರೆದು ಕೆಲವು ಗಂಟೆ ಉಳಿಸುವ ಇನ್ನೊಂದು ಪ್ರಯೋಗ ಬೇಕಾ ಅಂತ ಕೇಳುವುದು ತಪ್ಪಲ್ಲ.

ಇಂಟರ್ನೆಟ್ಟಿನ ಬಾಟಲಿ

ಈಗ ಬಿಪಿಸಿ-157 ಬಗ್ಗೆ. 15 ಅಮೈನೋ ಆಮ್ಲಗಳ ಇದನ್ನು ಎಲ್ಲ ಗಾಯಕ್ಕೂ ಮದ್ದು ಎಂಬಂತೆ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಇಲಿಗಳ ಕಾರ್ನಿಯಾ ಗಾಯಕ್ಕೆ ಇದರ ಹನಿ ಹಾಕಿದ ಪ್ರಯೋಗಗಳು ನಿಜಕ್ಕೂ ನಡೆದಿವೆ, ಫಲ ಕಂಡಿತೆಂದೂ ವರದಿಯಾಗಿದೆ. ಆದರೆ ಇದರ ಬಗೆಗಿನ ಕೆಲಸದಲ್ಲಿ ಬಹುಪಾಲು ಬಂದಿರುವುದು ಕ್ರೊಯೇಷಿಯಾದ ಜಾಗ್ರೆಬ್‌ನ ಒಂದೇ ತಂಡದಿಂದ. ಬೇರೆ ಲ್ಯಾಬುಗಳು ಅದನ್ನೇ ಮತ್ತೆ ಮಾಡಿ ಅದೇ ಉತ್ತರ ಪಡೆಯುವವರೆಗೆ ವಿಜ್ಞಾನದಲ್ಲಿ ಒಂದು ಮಾತು ಗಟ್ಟಿಯಾಗುವುದಿಲ್ಲ. 2023ರಲ್ಲಿ ಎಫ್‌ಡಿಎ ಇದನ್ನು ಸುರಕ್ಷತೆಯ ಬಗ್ಗೆ ಆತಂಕ ಇರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಲ್ಯಾಬಿನ ಬಳಕೆಗೆ ಅಂತ ಚೀಟಿ ಅಂಟಿಸಿ ಮಾರುವ ಪುಡಿಯನ್ನು ನೀರಲ್ಲಿ ಕರಗಿಸಿ ಕಣ್ಣಿಗೆ ಹಾಕಿಕೊಳ್ಳುವುದು ದೊಡ್ಡ ಅಪಾಯ. ಕಣ್ಣಿನ ಹನಿ ಪೂರ್ತಿ ಕ್ರಿಮಿರಹಿತವಾಗಿರಬೇಕು, ಅದರ ಆಮ್ಲತೆ, ಉಪ್ಪಿನ ಪ್ರಮಾಣ ಕಣ್ಣೀರಿಗೆ ಹೊಂದಬೇಕು. ಮೇಲ್ಪದರ ಸುಲಿದ ಕಾರ್ನಿಯಾಕ್ಕೆ ಸೋಂಕು ತಡೆಯುವ ಬೇಲಿಯೇ ಇರುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಿ ತೂತು ಮಾಡಬಲ್ಲವು. ಎರಡು ದಿನದಲ್ಲಿ ತಾನಾಗಿ ಮಾಯುತ್ತಿದ್ದ ಗಾಯಕ್ಕೆ ಸುಮ್ನೆ ಇಂಥ ಅಪಾಯ ತಂದುಕೊಳ್ಳಬೇಡಿ. ಎರಡು ದಿನಕ್ಕೂ ಮಾಯದಿದ್ದರೆ, ಅಥವಾ ನೋವು, ಕೆಂಪು, ಮಂಜು ಹೆಚ್ಚಾಗುತ್ತಿದ್ದರೆ, ಡಾಕ್ಟರು ನೋಡಬೇಕಾದ ಕಣ್ಣು ಅದು. ಗಾಯವಾದ ಕಣ್ಣಲ್ಲಿ ನೋವೇ ಇಲ್ಲದಿದ್ದರೆ ಇನ್ನೂ ಬೇಗ ತೋರಿಸಬೇಕು, ನರ ಕೆಲಸ ಮಾಡದಿರುವ ಗುರುತು ಅದಾಗಿರಬಹುದು.

ಸಂಶೋಧನೆಗೆ ಈಗ ಬೇಕಾಗಿರುವುದು ಇನ್ನೊಂದು ಹೊಸ ಪೆಪ್ಟೈಡಿಗಿಂತ ಒಳ್ಳೆಯ ಪ್ರಯೋಗಗಳು. ನರ ಸತ್ತ, ಸಕ್ಕರೆ ಕಾಯಿಲೆ ಇರುವ, ವಯಸ್ಸಾದ ಪ್ರಾಣಿಗಳಲ್ಲಿ ನಡೆಯುವಂಥವು. ಮೂರು ದಿನಕ್ಕೆ ನಿಲ್ಲದೆ, ಹೊಸ ಪದರ ಗಟ್ಟಿಯಾಗಿ ಅಂಟಿತೇ, ನರಗಳು ಮರಳಿ ಬೆಳೆದವೇ, ಕಲೆ ಎಷ್ಟು ಉಳಿಯಿತು ಅಂತ ತಿಂಗಳುಗಟ್ಟಲೆ ನೋಡುವಂಥವು. ಹೊಸ ಪೆಪ್ಟೈಡನ್ನು ಬರೀ ಔಷಧಿ ಇಲ್ಲದ ಹನಿಯ ಜೊತೆ ಹೋಲಿಸದೆ, ಈಗಾಗಲೇ ಒಪ್ಪಿಗೆ ಪಡೆದ ಸೆನೆಜರ್ಮಿನ್ ಜೊತೆಗೂ ಹೋಲಿಸುವಂಥವು. ದಿನಕ್ಕೆ ಆರು ಸಲದ ಬದಲು ಎರಡು ಸಲ ಹಾಕಿದರೆ ಸಾಕಾಗುವ, ಕಣ್ಣೀರಿನ ಎಂಜೈಮ್‌ಗಳಿಗೆ ಬೇಗ ಸಿಕ್ಕಿಬೀಳದ ಒಂದು ಚಿಕ್ಕ ಪೆಪ್ಟೈಡ್ ಆ ಹೋಲಿಕೆಯಲ್ಲಿ ಸರಿಸಮ ಬಂದರೂ, ಕಣ್ಣು ಕಳೆದುಕೊಳ್ಳುವ ಹಂತದಲ್ಲಿರುವ ರೋಗಿಗಳಿಗೆ ಅದು ದೊಡ್ಡ ಅನುಕೂಲ.